ಕೋಳಿಗೂಡಿನ ಕಲಾವಿದೆ

ಕಲ್ಕತ್ತೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಹೆಸರು ಮಾಡಿ, ಸಿಂಹಳದ ಕಾಫಿತೋಟಗಳ ನಡುವೆ ಮಣ್ಣಾದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ತನ್ನದೇ ಆದ ಒಂದು ಕ್ಯಾಮರಾವನ್ನು ಪಡೆದದ್ದು ೪೮ನೆಯ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ಸುಮಾರು ಹನ್ನೆರಡು ವರ್ಷ ಆಕೆ ಬಿಡುವಿಲ್ಲದೆ ಭಾವಚಿತ್ರಗಳನ್ನು ತೆಗೆದಳು. ಆ ಚಿತ್ರಗಳಿಗಾಗಿ ಬದುಕಿದ್ದಾಗ ಬೈಸಿಕೊಂಡಳು. ಸತ್ತ ಮೇಲೆ ಹೊಗಳಿಸಿಕೊಂಡಳು. ಬೈದವರೂ ಹೊಗಳಿದವರೂ ಬೆರಳು ತೋರಿದ್ದು ಒಂದೇ ಸಂಗತಿಯ ಕಡೆಗೆ: ಆಕೆ ತೆಗೆದ ಮುಖಗಳು ಮಸುಕಾಗಿವೆ. ಕೂದಲಿನ ಎಳೆ, ಬಟ್ಟೆಯ ನೆರಿಗೆ, ಕಿವಿಯ ಅಂಚು ಯಾವುದೂ ಉಳಿಯಿಂದ ಕಡೆದಿಟ್ಟಂತೆ ಖಚಿತವಾಗಿಲ್ಲ. ಇದು ಕೈಯ ಕೊರತೆಯೋ, ಕಣ್ಣಿನ ಹೊಸ ಬಗೆಯೋ ಎಂಬ ವಾದ ಆಕೆಯ ಮೊದಲ ಪ್ರದರ್ಶನಗಳ ಕಾಲದಲ್ಲಿ ಹುಟ್ಟಿತು. ಇಂದಿಗೂ ಪೂರ್ತಿಯಾಗಿ ಅಡಗಿಲ್ಲ. ಆಕೆಯ ಬಾಳಿನ ಕಥೆಯನ್ನು ಈ ಒಂದು ಪ್ರಶ್ನೆಯೊಡನೆ ವಾಚಕರ ಮುಂದಿಡಬೇಕೆಂಬುದು ನನ್ನ ಆಸೆ.

ಜೂಲಿಯಾ ಹುಟ್ಟಿದ್ದು ೧೮೧೫ನೆಯ ಇಸವಿಯ ಜೂನ್ ೧೧ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ವಂಶದವಳು. ಬೆಳೆದು ನಿಂತ ಏಳು ಮಂದಿ ಅಕ್ಕತಂಗಿಯರಲ್ಲಿ ಉಳಿದವರು ರೂಪಕ್ಕೆ ಹೆಸರಾದರೆ ಈಕೆ ಚುರುಕುಬುದ್ಧಿಗೆ ಹೆಸರಾದಳು. ವಿದ್ಯಾಭ್ಯಾಸ ಹೆಚ್ಚಾಗಿ ಫ್ರಾನ್ಸಿನಲ್ಲಿ ನಡೆಯಿತು. ಚೆಲುವೆಯರ ಮನೆಯಲ್ಲಿ ಚೆಲುವಿಲ್ಲದವಳೆನಿಸಿಕೊಂಡು ಬೆಳೆದ ಹುಡುಗಿ ಮುಂದೆ ಜೀವಮಾನವನ್ನೆಲ್ಲ ಇತರರ ಮುಖದ ಚೆಲುವನ್ನು ಹುಡುಕುವುದರಲ್ಲಿ ಕಳೆದಳೆಂಬುದು ವಿಧಿಯ ವಿನೋದವೆಂದೇ ತೋರುತ್ತದೆ.

೧೮೩೬ರಲ್ಲಿ, ದೇಹಸ್ಥಿತಿ ಸುಧಾರಿಸಲೆಂದು ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರಾಂತಕ್ಕೆ ಹೋಗಿದ್ದಾಗ, ಆಕೆಯ ಬಾಳಿನ ದಿಕ್ಕನ್ನು ನಿರ್ಧರಿಸಿದ ಇಬ್ಬರು ಪುರುಷರ ಪರಿಚಯವಾಯಿತು. ಒಬ್ಬನು ದಕ್ಷಿಣಾಕಾಶದ ನಕ್ಷತ್ರಗಳನ್ನು ಎಣಿಸಿ ಗುರುತು ಮಾಡುತ್ತಿದ್ದ ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷೆಲ್; ಇನ್ನೊಬ್ಬನು ನ್ಯಾಯಶಾಸ್ತ್ರ ಪಂಡಿತ ಚಾರ್ಲ್ಸ್ ಹೇ ಕ್ಯಾಮರನ್. ಈತ ವಯಸ್ಸಿನಲ್ಲಿ ಆಕೆಗಿಂತ ೨೦ ವರ್ಷ ಹಿರಿಯ. ೧೮೩೮ರಲ್ಲಿ ಕಲ್ಕತ್ತೆಯಲ್ಲಿ ಇವರ ಮದುವೆಯಾಯಿತು. ಇಂಡಿಯದ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆಯ ಆಯೋಗದಲ್ಲಿ ಕ್ಯಾಮರನ್ ಸದಸ್ಯನಾಗಿದ್ದ. ಮುಂದೆ ಗವರ್ನರ್ ಜನರಲ್ ಮಂಡಲಿಯ ಕಾನೂನು ಸದಸ್ಯನೂ ಆದ. ಕ್ಯಾಮರಾ ಎಂಬ ಯಂತ್ರಕ್ಕೂ ಕ್ಯಾಮರನ್ ಎಂಬ ಮನೆತನದ ಹೆಸರಿಗೂ ಯಾವ ಸಂಬಂಧವೂ ಇಲ್ಲ; ಅದು ಕೇವಲ ಕಾಕತಾಳೀಯ.

ಹರ್ಷೆಲನ ಸ್ನೇಹ ಕಡೆಯವರೆಗೂ ಉಳಿಯಿತು. ಬೆಳಕಿನಿಂದ ಮೂಡಿದ ಚಿತ್ರವನ್ನು ಕಾಗದದ ಮೇಲೆ ನಿಲ್ಲಿಸುವ ಹೈಪೋ ಲವಣದ ಗುಣವನ್ನು ಕಂಡುಹಿಡಿದವನು ಈತನೇ. ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಈ ವಿದ್ಯೆಗೆ ಕೊಟ್ಟವನೂ ಈತನೇ. ಛಾಯಾಗ್ರಹಣ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಈತ ಇಂಗ್ಲೆಂಡಿನಿಂದ ಕಲ್ಕತ್ತೆಯ ಗೆಳತಿಗೆ ಅದರ ಮಾದರಿಗಳನ್ನು ಕಳುಹಿಸಿಕೊಟ್ಟ. ಹೀಗೆ ಬಿದ್ದ ಬೀಜ ಮೊಳೆಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

೧೮೪೮ರಲ್ಲಿ ಕ್ಯಾಮರನ್ ದಂಪತಿಗಳು ಇಂಗ್ಲೆಂಡಿಗೆ ಮರಳಿದರು. ೧೮೬೦ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ, ಕವಿ ಟೆನಿಸನ್ನನ ನೆರೆಯಲ್ಲಿ, ಮನೆ ಮಾಡಿದರು. ಸಿಂಹಳದಲ್ಲಿದ್ದ ತಮ್ಮ ತೋಟದ ನೆನಪಿಗೆ ಆ ಮನೆಗೆ ಡಿಂಬೋಲ ಎಂದು ಹೆಸರಿಟ್ಟರು. ಐದು ಗಂಡುಮಕ್ಕಳು, ಒಬ್ಬಳು ಮಗಳು, ಸಾಕಿಕೊಂಡ ಮಕ್ಕಳು, ಬಂದುಹೋಗುವ ಅತಿಥಿಗಳು, ಹೀಗೆ ಮನೆ ಸದಾ ತುಂಬಿರುತ್ತಿತ್ತು. ಆದರೆ ೧೮೬೩ರ ಚಳಿಗಾಲದಲ್ಲಿ ಗಂಡ ತೋಟದ ವ್ಯವಹಾರಕ್ಕಾಗಿ ಸಿಂಹಳದಲ್ಲಿದ್ದ, ಗಂಡುಮಕ್ಕಳು ದೂರದಲ್ಲಿದ್ದರು, ಮಗಳಿಗೆ ಮದುವೆಯಾಗಿತ್ತು. ಒಂಟಿತನದಲ್ಲಿ ತಾಯಿಯ ಮನಸ್ಸಿಗೆ ವಿನೋದವಾಗಲೆಂದು ಮಗಳು, ಅಳಿಯ ಸೇರಿ ಒಂದು ಕ್ಯಾಮರಾವನ್ನು ಕಾಣಿಕೆಯಾಗಿ ಕೊಟ್ಟರು.

ವಿನೋದವೆಂದು ಕೊಟ್ಟದ್ದು ವ್ರತವಾಯಿತು. ಕಲ್ಲಿದ್ದಲು ತುಂಬುತ್ತಿದ್ದ ಕೊಠಡಿ ಕತ್ತಲೆ ಕೋಣೆಯಾಯಿತು. ಗಾಜು ಹಾಕಿಸಿದ್ದ ಕೋಳಿಗೂಡಿನಿಂದ ಕೋಳಿಗಳನ್ನು ಬಿಟ್ಟುಕಳುಹಿಸಿ ಅದನ್ನೇ ಚಿತ್ರಶಾಲೆ ಮಾಡಿಕೊಂಡಳು. ಮುಂದೆ ಇಂಗ್ಲೆಂಡಿನ ಕವಿಗಳೂ ವಿಜ್ಞಾನಿಗಳೂ ವರ್ಣಚಿತ್ರಕಾರರೂ ಆ ಕೋಳಿಗೂಡಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೋಗಬೇಕಾಯಿತು. ೧೮೬೪ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ತನಗೆ ತೃಪ್ತಿಯಾಗುವಂತೆ ಮೂಡಿದಾಗ ಅದನ್ನು ತನ್ನ ಮೊದಲ ಗೆಲುವೆಂದು ಬರೆದಿಟ್ಟಳು.

ಆ ಕಾಲದ ಛಾಯಾಗ್ರಹಣವೆಂದರೆ ಗುಂಡಿಯೊತ್ತುವ ಕೆಲಸವಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಗಾಜಿನ ಫಲಕವನ್ನು ತೊಳೆದೊರಸಿ, ಕಲೋಡಿಯನ್ ಎಂಬ ಅಂಟುದ್ರವವನ್ನು ಅದರ ಮೇಲೆ ಸಮನಾಗಿ ಹರಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕು ತೋರಿಸಬೇಕು; ಆರುವ ಮೊದಲೇ ಕತ್ತಲೆ ಕೋಣೆಗೆ ಓಡಿ ಚಿತ್ರವನ್ನು ಮೂಡಿಸಬೇಕು. ಬಳಿಕ ಮೊಟ್ಟೆಯ ಬಿಳಿಯ ಲೋಳೆ ಸವರಿದ ಕಾಗದವನ್ನು ಆ ಫಲಕಕ್ಕೆ ಒತ್ತಿಟ್ಟು ಬಿಸಿಲಿಗೊಡ್ಡಿ ಪ್ರತಿ ತೆಗೆಯಬೇಕು. ಒಂದು ಧೂಳಿನ ಕಣ ಬಿದ್ದರೂ ಕಲೆ. ಫಲಕ ಜಾರಿದರೆ ಅರ್ಧ ದಿನದ ದುಡಿಮೆ ಮಣ್ಣುಪಾಲು. ಬೆಳ್ಳಿಯ ಲವಣದಿಂದ ಆಕೆಯ ಬೆರಳುಗಳೂ ಉಡುಪೂ ಸದಾ ಕಪ್ಪಾಗಿರುತ್ತಿದ್ದವು.

ಎದುರಿಗೆ ಕುಳಿತವರ ಪಾಡೂ ಸುಲಭದ್ದಲ್ಲ. ಮೂರು ನಿಮಿಷ, ಐದು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಅಲುಗದೆ ಕೂರಬೇಕು. ಪೇಟೆಯ ಚಿತ್ರಶಾಲೆಗಳಲ್ಲಿ ಕತ್ತಿನ ಹಿಂದೆ ಕಾಣದಂತೆ ಕಬ್ಬಿಣದ ಊರೆಗೋಲು ನಿಲ್ಲಿಸಿ ತಲೆಯನ್ನು ಅದಕ್ಕೆ ಆತುಕೊಳ್ಳುವಂತೆ ಮಾಡುತ್ತಿದ್ದರು. ಬೆಳಕು ಹೆಚ್ಚಾಗಿದ್ದಲ್ಲಿ ಕೂರಿಸಿ, ಚಿತ್ರವನ್ನು ಅಂಗೈಗಿಂತ ಚಿಕ್ಕದಾಗಿ ತೆಗೆದು, ಬೂಟಿನ ತುದಿಯಿಂದ ಹಿಂದಿನ ಪರದೆಯ ಹೂವಿನವರೆಗೆ ಎಲ್ಲವೂ ಒಂದೇ ಸಮನಾಗಿ ನಿಚ್ಚಳವಾಗಿ ಬರುವಂತೆ ನೋಡಿಕೊಳ್ಳುತ್ತಿದ್ದರು. ಕ್ಯಾಮರನ್ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದಳು. ಬೆಳಕನ್ನು ಪರದೆಗಳಿಂದ ತಡೆದು ಒಂದು ಕಡೆಯಿಂದ ಮಾತ್ರ ಬೀಳಿಸಿದಳು, ಹತ್ತಿರ ಹೋದಳು, ಮುಖವೊಂದನ್ನೇ ಚೌಕಟ್ಟಿನ ತುಂಬ ತುಂಬಿದಳು. ೧೮೬೬ರ ಹೊತ್ತಿಗೆ ೧೫ ಅಂಗುಲ ಉದ್ದ ೧೨ ಅಂಗುಲ ಅಗಲದ ಫಲಕಗಳನ್ನು ಹಿಡಿಯುವ ಇನ್ನೂ ದೊಡ್ಡ ಕ್ಯಾಮರಾ ತರಿಸಿಕೊಂಡು ತಲೆಗಳನ್ನು ಹೆಚ್ಚುಕಡಮೆ ನಿಜವಾದ ಅಳತೆಯಲ್ಲೇ ತೆಗೆಯತೊಡಗಿದಳು.

ಮಸುಕು ಹುಟ್ಟಿದ್ದು ಇಲ್ಲಿ. ಅದರಲ್ಲಿ ಎರಡು ಬಗೆಗಳಿವೆ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ವಾದ ತಿಳಿಯಾಗುತ್ತದೆ. ಒಂದು ಮಸೂರದ್ದು. ದೊಡ್ಡ ಮಸೂರವನ್ನು ಹತ್ತಿರದ ಮುಖದ ಕಡೆಗೆ ಹಿಡಿದಾಗ ಖಚಿತವಾಗಿ ಕಾಣುವುದು ತೀರ ತೆಳುವಾದ ಒಂದು ಪದರ ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಕರಗುತ್ತದೆ, ಮೂಗಿನ ತುದಿ ಸ್ಪಷ್ಟವಾದರೆ ಕಣ್ಣು ಕರಗುತ್ತದೆ. ಇನ್ನೊಂದು ಬಗೆ ಜೀವದ್ದು. ಉಸಿರಾಡುವ ಮನುಷ್ಯ ಐದು ನಿಮಿಷ ಕುಳಿತರೆ ಎಷ್ಟೇ ಪ್ರಯತ್ನಿಸಿದರೂ ಕೂದಲೆಳೆಯಷ್ಟು ಕದಲುತ್ತಾನೆ. ಆ ಕದಲಿಕೆಯೂ ಫಲಕದ ಮೇಲೆ ಬೀಳುತ್ತದೆ. ಮೊದಲನೆಯದನ್ನು ಆಕೆ ಆಯ್ದುಕೊಂಡಳು, ಎರಡನೆಯದನ್ನು ಒರಸಿಹಾಕಲಿಲ್ಲ. ತನ್ನ ಆರಂಭದ ದಿನಗಳ ಬಗ್ಗೆ ೧೮೭೪ರಲ್ಲಿ ಬರೆದು ಅರ್ಧಕ್ಕೆ ನಿಲ್ಲಿಸಿದ ನೆನಪುಗಳಲ್ಲಿ ಆಕೆ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾಳೆ. ಮೊದಲ ಮಸುಕು ಆಕಸ್ಮಿಕವೇ. ಮಸೂರವನ್ನು ತಿರುಗಿಸುತ್ತ ಹೋದಂತೆ ಒಂದು ಘಟ್ಟದಲ್ಲಿ ಮುಖ ಸುಂದರವಾಗಿ ಕಂಡಿತು. ಬೇರೆಯವರು ಒತ್ತಾಯಪಡಿಸುವಷ್ಟು ಖಚಿತತೆ ಬರುವ ತನಕ ತಿರುಗಿಸದೆ ಅಲ್ಲೇ ನಿಲ್ಲಿಸಿದಳು. ಆಕಸ್ಮಿಕವಾಗಿ ಕಂಡದ್ದನ್ನು ಮರುದಿನವೂ ಬೇಕೆಂದು ಆರಿಸಿಕೊಂಡರೆ ಅದು ಆಕಸ್ಮಿಕವಾಗಿ ಉಳಿಯುವುದಿಲ್ಲ.

ಛಾಯಾಗ್ರಾಹಕರ ಸಂಘಗಳಿಗೆ ಇದು ಹಿಡಿಸಲಿಲ್ಲ. ಲಂಡನ್ನಿನ ಸಂಘ ೧೮೬೪ರಲ್ಲೇ ಆಕೆಯನ್ನು ಸದಸ್ಯಳನ್ನಾಗಿ ಸೇರಿಸಿಕೊಂಡಿತ್ತು. ಆದರೂ ಆ ವೃತ್ತಿಯ ಪತ್ರಿಕೆಗಳು ಆಕೆಯ ಧೈರ್ಯವನ್ನು ಒಪ್ಪಿಕೊಳ್ಳುತ್ತಲೇ ಕಸುಬನ್ನು ಹಳಿದವು. ಸ್ವತಃ ಛಾಯಾಗ್ರಾಹಕನಾಗಿದ್ದ ಲೂಯಿಸ್ ಕ್ಯಾರಲ್‌ಗೂ ಬೇಕೆಂದೇ ಮಸುಕು ಮಾಡಿದ ಈ ಚಿತ್ರಗಳು ಅಷ್ಟಾಗಿ ರುಚಿಸಲಿಲ್ಲ. ಕ್ಯಾಮರನ್ ಜಗ್ಗಲಿಲ್ಲ. ಖಚಿತತೆ ಎಂದರೇನು, ಯಾವುದು ನ್ಯಾಯವಾದ ಖಚಿತತೆ ಎಂದು ತೀರ್ಪು ಕೊಡುವ ಹಕ್ಕು ಯಾರದು ಎಂದು ಹರ್ಷೆಲನಿಗೆ ಪತ್ರ ಬರೆದು ಕೇಳಿದಳು. ನ್ಯಾಯಶಾಸ್ತ್ರಜ್ಞನ ಹೆಂಡತಿ ಕೇಳಬೇಕಾದ ಪ್ರಶ್ನೆಯೇ ಸರಿ. ಇತ್ತ ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯದ ಹೆನ್ರಿ ಕೋಲ್ ೧೮೬೫ರಲ್ಲಿ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿದ. ೧೮೬೮ರಲ್ಲಿ ಚಿತ್ರಶಾಲೆಗೆಂದು ಅಲ್ಲಿಯೇ ಎರಡು ಕೋಣೆಗಳನ್ನೂ ಬಿಟ್ಟುಕೊಟ್ಟ.

ಇಲ್ಲಿ ಒಂದು ಸ್ವಾರಸ್ಯವಿದೆ. ಅದನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ. ಖಚಿತತೆಯೇ ಸತ್ಯವೆಂದು ವಾದಿಸುತ್ತಿದ್ದ ಪೇಟೆಯ ಚಿತ್ರಶಾಲೆಗಳಲ್ಲಿ ನೆಗೆಟಿವ್ ಸಿದ್ಧವಾದ ಮೇಲೆ ಅದನ್ನು ಓರೆಯಾದ ಮೇಜಿನ ಮೇಲಿಟ್ಟು, ಮೊನಚಾದ ಪೆನ್ಸಿಲಿನಿಂದ ಸುಕ್ಕುಗಳನ್ನು ತುಂಬುವ, ಕಲೆಗಳನ್ನು ಅಳಿಸುವ, ಕೆನ್ನೆಯನ್ನು ನುಣುಪು ಮಾಡುವ ಪದ್ಧತಿ ಬೆಳೆಯಿತು. ರೀಟಚಿಂಗ್ ಎಂಬ ಈ ಕುಸುರಿಗೆಲಸ ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ದಶಕಗಳ ಕಾಲ ನಡೆಯಿತು. ಮಸುಕು ಮಾಡುತ್ತಾಳೆಂದು ಬೈಸಿಕೊಂಡ ಕ್ಯಾಮರನ್ ಮುಖದ ಸುಕ್ಕನ್ನು ತಿದ್ದಲು ಹೋಗಲಿಲ್ಲ. ಫಲಕದ ಗೀರು, ಬೆರಳಿನ ಗುರುತು, ದ್ರಾವಣ ಹರಿದ ಕಲೆ ಎಲ್ಲವೂ ಆಕೆಯ ಚಿತ್ರಗಳಲ್ಲಿ ಹಾಗೆ ಹಾಗೆಯೇ ಇವೆ. ಕಲೋಡಿಯನ್ ಫಲಕಕ್ಕೆ ನೀಲಿ ಬೆಳಕಿನ ಅರಿವುಂಟೇ ಹೊರತು ಕೆಂಪಿನ ಅರಿವಿಲ್ಲ. ಆದ್ದರಿಂದ ಚರ್ಮದ ಕೆಂಪು, ಕಂದುಚುಕ್ಕೆಗಳು ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿಯೇ ಮೂಡುತ್ತವೆ. ಅದನ್ನೂ ಆಕೆ ಮರೆಮಾಡಲಿಲ್ಲ. ಹೀಗೆ ಅಂಚುಗಳನ್ನು ಖಚಿತವಾಗಿಟ್ಟವರು ವಯಸ್ಸನ್ನು ಅಳಿಸಿದರು; ಅಂಚುಗಳನ್ನು ಕರಗಿಸಿದವಳು ವಯಸ್ಸನ್ನು ಉಳಿಸಿದಳು.

೧೮೬೭ರ ಏಪ್ರಿಲಿನಲ್ಲಿ ತೆಗೆದ ಹರ್ಷೆಲನ ಚಿತ್ರವನ್ನು ನೋಡಿದವರಿಗೆ ಈ ಮಾತಿನ ನಿಜ ತಿಳಿಯುತ್ತದೆ. ಆಗ ಆತನಿಗೆ ೭೫ ವರ್ಷ. ಕ್ಯಾಮರನ್ ತನ್ನ ಹೊರೆ ಸಾಮಗ್ರಿಗಳನ್ನೆಲ್ಲ ಹೊತ್ತುಕೊಂಡು ಆತನ ಮನೆಗೇ ಹೋದಳು. ಆತನ ಬಿಳಿಗೂದಲನ್ನು ತೊಳೆಸಿ ಕೆದರಿಸಿದಳೆಂದು ಹೇಳುವುದುಂಟು. ಕಪ್ಪು ಬಟ್ಟೆ, ಕಪ್ಪು ಹಿನ್ನೆಲೆ; ಆ ಕತ್ತಲೆಯ ನಡುವೆ ಮುಖವೊಂದೇ ತೇಲಿ ಬರುತ್ತದೆ. ಕೂದಲು ಹೊಗೆಯಂತೆ ಹರಡಿದೆ. ಆದರೆ ಕಣ್ಣಿನ ಕೆಳಗಿನ ಚೀಲ, ಹಣೆಯ ಗೆರೆ, ಜೋಲುಬಿದ್ದ ಕೆನ್ನೆ ಯಾವುದಕ್ಕೂ ರಿಯಾಯಿತಿ ಇಲ್ಲ. ರಾತ್ರಿ ರಾತ್ರಿ ದೂರದರ್ಶಕಕ್ಕೆ ಕಣ್ಣಿಟ್ಟು ಸವೆದ ಮುದುಕನೊಬ್ಬ ನಮ್ಮನ್ನು ದಾಟಿ ಇನ್ನೆಲ್ಲೋ ನೋಡುತ್ತಿದ್ದಾನೆ. ಅದೇ ವರ್ಷದ ಕಾರ್ಲೈಲನ ಚಿತ್ರದಲ್ಲಿ ಮಸುಕು ಇನ್ನೂ ಹೆಚ್ಚು. ಒರಟು ಕಲ್ಲಿನ ಮೇಲೆ ಬೆಳಕು ಬಿದ್ದಂತಿದೆ. ೧೮೬೮ರ ಬೇಸಗೆಯಲ್ಲಿ ಫ್ರೆಶ್‌ವಾಟರಿಗೆ ಬಂದಿದ್ದ ಡಾರ್ವಿನ್ ತನ್ನ ಬೇರೆಲ್ಲ ಛಾಯಾಚಿತ್ರಗಳಿಗಿಂತ ಕ್ಯಾಮರನ್ ತೆಗೆದದ್ದನ್ನೇ ಮೆಚ್ಚಿಕೊಂಡ. ಕಣ್ಣಾರೆ ನೋಡಿ ಅಳೆದದ್ದನ್ನಲ್ಲದೆ ಬೇರೇನನ್ನೂ ನಂಬದ ವಿಜ್ಞಾನಿ ಮೆಚ್ಚಿದ್ದು ಮಸುಕಿನ ಚಿತ್ರವನ್ನು.

ದೊಡ್ಡವರ ಚಿತ್ರಗಳಷ್ಟೇ ಆಕೆ ಮನೆಯ ಹೆಣ್ಣುಮಕ್ಕಳ ಚಿತ್ರಗಳನ್ನೂ ತೆಗೆದಳು. ಕಲ್ಕತ್ತೆಯಲ್ಲೇ ಹುಟ್ಟಿದ ತಂಗಿಯ ಮಗಳು ಜೂಲಿಯಾ ಜಾಕ್ಸನ್ ಮುಂದೆ ಲೇಖಕಿ ವರ್ಜೀನಿಯಾ ವುಲ್ಫಳ ತಾಯಿಯಾದಳು. ಐರಿಷ್ ಭಿಕ್ಷುಕಿಯೊಬ್ಬಳ ಮಗಳು ಮೇರಿ ರಯಾನಳನ್ನು ಕ್ಯಾಮರನ್ ಮನೆಗೆ ಕರೆತಂದು ಸಾಕಿ, ಓದಿಸಿ, ಕೆಲಸವನ್ನೂ ಕೊಟ್ಟಳು. ಲಂಡನ್ನಿನ ಪ್ರದರ್ಶನದಲ್ಲಿ ಮೇರಿಯ ಚಿತ್ರ ಕಂಡು ಮನಸೋತ ಹೆನ್ರಿ ಕಾಟನ್ ಎಂಬ ತರುಣ ೧೮೬೭ರಲ್ಲಿ ಆಕೆಯನ್ನು ಮದುವೆಯಾಗಿ ಇಂಡಿಯಕ್ಕೆ ಸಿವಿಲ್ ಅಧಿಕಾರಿಯಾಗಿ ಬಂದ. ೧೯೦೪ರಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷನಾದ ಸರ್ ಹೆನ್ರಿ ಕಾಟನ್ ಈತನೇ. ಮಸುಕಾದ ಚಿತ್ರದಿಂದ ಮುಖ ತಿಳಿಯುವುದಿಲ್ಲವೆಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಆಕೆಯದೆಲ್ಲವೂ ಚಿನ್ನವೆಂದು ನಾನು ವಾದಿಸುವುದಿಲ್ಲ. ಮನೆಗೆಲಸದ ಹುಡುಗಿಯರಿಗೆ ಮುಸುಕು ಹೊದಿಸಿ ಮೇರಿಮಾತೆಯನ್ನಾಗಿ ಮಾಡಿದ, ನೆರೆಹೊರೆಯವರಿಗೆ ರಾಜರ ವೇಷ ತೊಡಿಸಿ ಟೆನಿಸನ್ನನ ಕಾವ್ಯಗಳಿಗೆ ಚಿತ್ರ ಒದಗಿಸಿದ ಕೆಲಸಗಳಲ್ಲಿ ಎಷ್ಟೋ ಕಡೆ ನಾಟಕದ ಬಣ್ಣವೇ ಹೆಚ್ಚು. ಅಲ್ಲಿ ಮಸುಕು ಭಾವವನ್ನು ತೋರಿಸುವುದಿಲ್ಲ, ಅದರ ಕೊರತೆಯನ್ನು ಮುಚ್ಚುತ್ತದೆ. ಹಾಗೆಯೇ ಖಚಿತತೆ ಎಂದರೆ ಶುಷ್ಕತೆಯೆಂದೂ ತಿಳಿಯಬೇಕಾಗಿಲ್ಲ. ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (೧೯೨೩–೨೦೦೯) ಚಿಕ್ಕ ಕ್ಯಾಮರಾ ಹಿಡಿದು ಸಾಮಾನ್ಯ ಜನರ ನಡುವೆ ನಡೆದಾಡುತ್ತ, ಕ್ಷಣಮಾತ್ರದಲ್ಲಿ ತೆಗೆದ ಮುಖಗಳು ನಿಚ್ಚಳವಾಗಿವೆ. ಅವುಗಳಲ್ಲಿ ಪ್ರೀತಿಗೇನೂ ಕಡಮೆಯಿಲ್ಲ. ಆದ್ದರಿಂದ ಪ್ರಶ್ನೆ ಖಚಿತತೆ ಮೇಲೋ ಮಸುಕು ಮೇಲೋ ಎಂಬುದಲ್ಲ. ಯಾವುದನ್ನು ಉಳಿಸಲು ಯಾವುದನ್ನು ಬಿಟ್ಟರು ಎಂಬುದು.

ಈ ಪ್ರಶ್ನೆ ಹಳೆಯ ಇಂಗ್ಲೆಂಡಿನೊಂದಿಗೆ ಮುಗಿದುಹೋದದ್ದಲ್ಲ. ನಾನು ವಾಸವಾಗಿರುವುದು ಮೈಸೂರಿನ ಹೆಬ್ಬಾಳದಲ್ಲಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಕೆರೆ. ಧನುರ್ಮಾಸದ ಬೆಳಗಿನಲ್ಲಿ ಕೆರೆಯ ದಡದಲ್ಲಿ ಎದುರಿಗೆ ಬರುವ ಪರಿಚಿತರನ್ನು ಮಂಜಿನೊಳಗೆ ಮುಖ ಕಾಣುವ ಮೊದಲೇ ನಡಿಗೆಯಿಂದ, ಹೆಗಲ ಬಾಗಿನಿಂದ ಗುರುತಿಸುತ್ತೇವೆ. ಗುರುತಿಗೆ ಪ್ರತಿಯೊಂದು ಗೆರೆಯೂ ಬೇಕಾಗಿಲ್ಲ. ಅದೇ ಹೆಬ್ಬಾಳದ ಸಣ್ಣ ಸ್ಟುಡಿಯೋಗಳಲ್ಲಿ ಕಾರ್ಖಾನೆಯ ಗುರುತಿನ ಚೀಟಿಗೆ ಬೇಕಾದ ಪಾಸ್‌ಪೋರ್ಟ್ ಅಳತೆಯ ಚಿತ್ರಗಳನ್ನು ತೆಗೆಯುತ್ತಾರೆ. ಬಿಳಿಯ ಹಿನ್ನೆಲೆ, ಎರಡೂ ಕಿವಿ ಕಾಣಬೇಕು, ನಗಬಾರದು. ಮನೆಯ ಹಿರಿಯರು ತೀರಿಕೊಂಡಾಗ ಜನ ಆ ಚೀಟಿಯ ಚಿತ್ರವನ್ನೇ ತಂದು ಗೋಡೆಗೆ ಹಾಕಲು ದೊಡ್ಡದು ಮಾಡಿಸುತ್ತಾರೆ. ನನ್ನ ತಾಯಿಯ ಚಿತ್ರವೂ ಹಾಗೆ ದೊಡ್ಡದಾಗಿ ಬಂತು. ಕಂಪ್ಯೂಟರಿನಲ್ಲಿ ಹಣೆಯ ಗೆರೆಗಳನ್ನು ಅಳಿಸಿದ್ದರು, ಕೆನ್ನೆಯನ್ನು ನುಣುಪು ಮಾಡಿದ್ದರು, ಸೀರೆಯ ಅಂಚನ್ನು ಮಾತ್ರ ಎಳೆ ಎಳೆಯಾಗಿ ನಿಚ್ಚಳಗೊಳಿಸಿದ್ದರು. ಅದು ನನ್ನ ತಾಯಿಯ ಸೀರೆಯೇ ಹೌದು. ಮುಖ ಮಾತ್ರ ಯಾರದೋ. ಇಂದು ಕೈಯಲ್ಲಿರುವ ಫೋನು ಹಿನ್ನೆಲೆಯನ್ನು ತಾನೇ ಲೆಕ್ಕ ಹಾಕಿ ಮಸುಕು ಮಾಡಿಕೊಡುತ್ತದೆ. ಅದರ ಜೊತೆಗೆ ಚರ್ಮವನ್ನೂ ಮೃದುಗೊಳಿಸುತ್ತದೆ. ಈ ಮೃದುತ್ವ ಕ್ಯಾಮರನ್ ಮನೆಯದಲ್ಲ, ಓರೆಮೇಜಿನ ಪೆನ್ಸಿಲಿನದು.

ಇನ್ನು ಆಕೆಯ ಬಾಳಿನ ಕಡೆಯ ಅಂಕ. ೧೮೬೯ರಿಂದ ಸಿಂಹಳದ ಕಾಫಿಗಿಡಗಳಿಗೆ ಎಲೆತುಕ್ಕು ರೋಗ ತಗಲಿತ್ತು. ನಮ್ಮ ಕೊಡಗಿನ, ಮಲೆನಾಡಿನ ಬೆಳೆಗಾರರು ಬಲ್ಲ ರೋಗವೇ ಅದು. ಕ್ಯಾಮರನ್ ಮನೆತನದ ಹಣವೆಲ್ಲ ಆ ತೋಟಗಳಲ್ಲಿತ್ತು. ೧೮೭೫ರಲ್ಲಿ, ಆಕೆಗೆ ೬೦, ಗಂಡನಿಗೆ ೮೦ ವರ್ಷವಾಗಿದ್ದಾಗ, ದಂಪತಿಗಳು ಸಿಂಹಳಕ್ಕೆ ಹೊರಟರು. ಸಾಮಾನಿನೊಂದಿಗೆ ಒಂದು ಹಸುವನ್ನೂ, ತಮ್ಮಿಬ್ಬರಿಗಾಗಿ ಎರಡು ಶವಪೆಟ್ಟಿಗೆಗಳನ್ನೂ ತೆಗೆದುಕೊಂಡು ಹೋದರೆಂಬ ಕಥೆ ಪ್ರಸಿದ್ಧವಾಗಿದೆ.

ಅಲ್ಲಿ ತೆಗೆದ ಚಿತ್ರಗಳಲ್ಲಿ ಉಳಿದಿರುವುದು ೩೦ಕ್ಕಿಂತ ಕಡಮೆ. ಅವುಗಳಲ್ಲಿ ಹಲವು ಹಳ್ಳಿಗರ, ತೋಟದ ಕೂಲಿಕಾರರ ಚಿತ್ರಗಳು. ಫ್ರೆಶ್‌ವಾಟರಿನಲ್ಲಿ ಕವಿಗೆ ಕವಿಯ ಹೆಸರು, ವಿಜ್ಞಾನಿಗೆ ವಿಜ್ಞಾನಿಯ ಹೆಸರು ಚಿತ್ರದ ಕೆಳಗೆ ಬರೆದಿರುತ್ತಿತ್ತು. ಮನೆಗೆಲಸದವಳಿಗೂ ದೇವಮಾತೆಯ ಹೆಸರು ಸಿಕ್ಕುತ್ತಿತ್ತು. ಸಿಂಹಳದ ಈ ಕೂಲಿಕಾರರ ಹೆಸರುಗಳು ನಮಗೆ ಉಳಿದಿಲ್ಲ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಅವರ ಇಚ್ಛೆಯೋ, ದೊರೆಸಾನಿಯ ಅಪ್ಪಣೆಯೋ ಎಂದು ಅವರ ಮುಖಗಳನ್ನು ನೋಡುವಾಗ ನನಗೆ ಅನಿಸದೆ ಇರುವುದಿಲ್ಲ. ಮಸೂರದ ಮಸುಕಿಗೆ ಕಲಾವಿದೆ ಹೊಣೆ. ಹೆಸರಿನ ಮೇಲೆ ಕವಿದ ಈ ಮಸುಕಿಗೆ ಆಕೆಯ ಕಾಲವೂ ಹೊಣೆ, ಆಕೆಯೂ ಹೊಣೆ. ಇದನ್ನು ಹೇಳದೆ ಆಕೆಯನ್ನು ಹೊಗಳಿದರೆ ನಾವೂ ಪೆನ್ಸಿಲ್ ಹಿಡಿದು ಗೆರೆ ಅಳಿಸಿದಂತಾಗುತ್ತದೆ.

೧೮೭೯ರ ಜನವರಿ ೨೬ರಂದು ಆಕೆ ಸಿಂಹಳದ ಮಲೆಸೀಮೆಯಲ್ಲಿ ತೀರಿಕೊಂಡಳು. ಮರುವರ್ಷ ಗಂಡನೂ ಹೋದ. ಬೊಗವಂತಲಾವೆಯ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ. ವಾದ ಮಾತ್ರ ನಿಲ್ಲಲಿಲ್ಲ. ೧೮೮೯ರಲ್ಲಿ ಪೀಟರ್ ಹೆನ್ರಿ ಎಮರ್ಸನ್ ಎಂಬಾತ, ಮನುಷ್ಯನ ಕಣ್ಣು ಒಮ್ಮೆಗೆ ಒಂದೇ ಕಡೆ ನಿಚ್ಚಳವಾಗಿ ನೋಡುತ್ತದೆ, ಚಿತ್ರವೂ ಹಾಗೆಯೇ ಇರಬೇಕು ಎಂಬ ಸಿದ್ಧಾಂತದ ಪುಸ್ತಕವನ್ನು ಬರೆದ. ೧೯೧೩ರಲ್ಲಿ ಅಮೆರಿಕದ ಸ್ಟೀಗ್ಲಿಟ್ಸ್ ತನ್ನ ಪತ್ರಿಕೆಯಲ್ಲಿ ಕ್ಯಾಮರನ್ ಚಿತ್ರಗಳನ್ನು ಅಚ್ಚು ಮಾಡಿದ. ೧೯೨೬ರಲ್ಲಿ ವರ್ಜೀನಿಯಾ ವುಲ್ಫ್ ತನ್ನ ಅಜ್ಜಿಯ ಅಕ್ಕನ ಚಿತ್ರಗಳನ್ನು ಪುಸ್ತಕವಾಗಿ ಹೊರತಂದಳು. ಗಾಳಿ ಮತ್ತೆ ತಿರುಗಿತು. ೧೯೩೨ರಲ್ಲಿ ಕ್ಯಾಲಿಫೋರ್ನಿಯದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಮಸೂರದ ತೀರ ಚಿಕ್ಕ ರಂಧ್ರದ ಅಂಕಿಯನ್ನೇ ತಮ್ಮ ಗುಂಪಿನ ಹೆಸರಾಗಿಟ್ಟುಕೊಂಡು ಅಂಚಿನಿಂದ ಅಂಚಿಗೆ ಖಚಿತವಾದ ಚಿತ್ರಗಳ ಪರವಾಗಿ ನಿಂತರು. ಎರಡು ಪಕ್ಷಗಳಲ್ಲೂ ದೊಡ್ಡ ಕಲಾವಿದರಿದ್ದಾರೆ. ಎರಡರಲ್ಲೂ ಸಾಧಾರಣ ಕೆಲಸಗಾರರಿದ್ದಾರೆ.

ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿ ಕ್ಯಾಮರನ್ ಚಿತ್ರಗಳಿಂದ ಮಸುಕು ಮಾಡುವ ಉಪಾಯವನ್ನು ಕಲಿಯಬೇಕಾಗಿಲ್ಲ. ಅದು ಇಂದು ಬೆರಳ ತುದಿಯಲ್ಲಿದೆ. ಕಲಿಯಬೇಕಾದದ್ದು ಮಸೂರವನ್ನು ತಿರುಗಿಸುವ ಕೈ ಎಲ್ಲಿ ನಿಲ್ಲಬೇಕೆಂದು ತಾನೇ ನಿರ್ಧರಿಸುವ ಹೊಣೆಯನ್ನು. ಎದುರಿಗೆ ಕುಳಿತವರು ಮುದುಕರಾಗಿದ್ದರೆ ಅವರ ವಯಸ್ಸು ಚಿತ್ರದಲ್ಲಿ ಉಳಿಯಲಿ. ಕೂಲಿಕಾರರಾಗಿದ್ದರೆ ಅವರ ಹೆಸರು ಚಿತ್ರದ ಕೆಳಗೆ ಉಳಿಯಲಿ. ಉಳಿದ ಅಂಚುಗಳು ಕರಗಿದರೂ ನಷ್ಟವಿಲ್ಲ.